ಹೇಳುವುದರಿಂದ ಒತ್ತುವುದಕ್ಕೆ: ಗಡಿನಾಡಿನ ಕನ್ನಡ ಮತ್ತು ಹೋಟೆಲಿನ ಪರದೆ

ಹೋಟೆಲಿನಲ್ಲಿ ಕುಳಿತವರು ತಮಗೆ ಬೇಕಾದ ತಿಂಡಿಯನ್ನು ಕೇಳಿ ತರಿಸಿಕೊಳ್ಳುವುದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಪದ 'ಹೇಳು'. 'ಎರಡು ಕಾಫಿ ಹೇಳು', 'ದೋಸೆ ಹೇಳಿದ್ದಾಯಿತೆ?' ಎಂಬ ಮಾತುಗಳಲ್ಲಿ ತಿಂಡಿಯೇ ಈ ಕ್ರಿಯಾಪದದ ಕರ್ಮವಾಗುತ್ತದೆ. ತೆಲುಗಿನಲ್ಲಿಯೂ ಇದೇ ಅರ್ಥದಲ್ಲಿ 'ಚೆಪ್ಪು' ಬಳಕೆಯಲ್ಲಿದೆ. ತ್ವರಿತ ಆಹಾರದ ಮಳಿಗೆಗಳಲ್ಲಿ ಈಚೆಗೆ ಕಾಣಿಸಿಕೊಂಡಿರುವ ಸ್ಪರ್ಶಪರದೆ ಈ ಕ್ರಿಯಾಪದವನ್ನೇ ಬದಲಿಸುತ್ತದೆ. ಅದರ ಮುಂದೆ ನಿಂತ ಗಿರಾಕಿ ಏನನ್ನೂ ಹೇಳುವುದಿಲ್ಲ. ಓದುತ್ತಾನೆ, ಒತ್ತುತ್ತಾನೆ, ಹಣ ಕಟ್ಟುತ್ತಾನೆ, ತನ್ನ ಸಂಖ್ಯೆ ಬರುವುದನ್ನು ಕಾಯುತ್ತಾನೆ. ಬೇರೆಡೆ ಇದನ್ನು ಅನುಕೂಲ, ಅನನುಕೂಲಗಳ ಪ್ರಶ್ನೆಯೆಂದು ಬಿಡಬಹುದು. ರಾಯದುರ್ಗ, ಮಡಕಶಿರಾಗಳ ಕನ್ನಡಿಗರ ನೆಲೆಯಿಂದ ನೋಡಿದರೆ ಇದು ಭಾಷೆಯ ಪ್ರಶ್ನೆಯಾಗುತ್ತದೆ.

ಗಿರಾಕಿಯೇ ತನಗೆ ಬಡಿಸಿಕೊಳ್ಳುವ ವ್ಯವಸ್ಥೆ ಹೊಸದೇನಲ್ಲ. ನಾಣ್ಯ ಹಾಕಿ ಗಾಜಿನ ಗೂಡಿನಿಂದ ತಿಂಡಿ ತೆಗೆದುಕೊಳ್ಳುವ 'ಆಟೋಮ್ಯಾಟ್' 1895ರಲ್ಲಿ ಬರ್ಲಿನ್ನಿನಲ್ಲಿ, 1902ರಲ್ಲಿ ಫಿಲಡೆಲ್ಫಿಯಾದಲ್ಲಿ ತೆರೆಯಿತು. ಮೆಕ್‌ಡೊನಾಲ್ಡ್ ಸೋದರರು 1948ರಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಮಳಿಗೆಯಲ್ಲಿ ಬಡಿಸುವವರನ್ನು ಕೈಬಿಟ್ಟು ಕಿಟಕಿಯಲ್ಲೇ ತಿಂಡಿ ಕೊಡತೊಡಗಿದರು. ಬೆಂಗಳೂರಿನಲ್ಲಿ 1980ರ ದಶಕದಿಂದ ಹರಡಿದ ದರ್ಶಿನಿಗಳು ಇದರ ಕನ್ನಡ ರೂಪ: ಗಲ್ಲಾದಲ್ಲಿ ಹಣ ಕೊಟ್ಟು ಚೀಟಿ ಪಡೆದು, ಅದನ್ನು ಅಡುಗೆಯ ಕಟ್ಟೆಯಲ್ಲಿ ಒಪ್ಪಿಸಿ, ನಿಂತೇ ತಿನ್ನುವುದು. ಅಲ್ಲಿ ತೂಗುಹಾಕುವ 'ಸ್ವಸಹಾಯ ಪದ್ಧತಿ' ಎಂಬ ಫಲಕ ಇಂಗ್ಲಿಷಿನ 'ಸೆಲ್ಫ್ ಸರ್ವೀಸ್' ಎಂಬುದರ ಸಡಿಲ ಅನುವಾದವಾದರೂ ಒಂದು ವಿಷಯವನ್ನು ಮರೆಮಾಚುತ್ತದೆ. ದರ್ಶಿನಿಯಲ್ಲಿ ಬಡಿಸುವವನು ಹೋದನೇ ಹೊರತು ಕೇಳಿಸಿಕೊಳ್ಳುವವನು ಹೋಗಲಿಲ್ಲ. ಗಲ್ಲಾದಲ್ಲಿ ಒಬ್ಬ, ಕಟ್ಟೆಯ ಆಚೆ ಇನ್ನೊಬ್ಬ, ಹೀಗೆ ಎರಡು ಕಿವಿಗಳು ಉಳಿದಿದ್ದವು. ಸ್ಪರ್ಶಪರದೆ ತೆಗೆದುಹಾಕುವುದು ಈ ಕಿವಿಗಳನ್ನು.

ಗಡಿಯ ಈ ಎರಡು ಪ್ರದೇಶಗಳ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಿದಾಗ ಮಡಕಶಿರಾ ಹೊಸ ಜಿಲ್ಲೆಗೆ ಸೇರಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿದಿದ್ದು, 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರುಗಳಂತೆ ಆಂಧ್ರದ ಪಾಲಾಯಿತು. 2022ರ ಪುನರ್ವಿಂಗಡಣೆಯಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿ, ಒಂದೇ ಜಿಲ್ಲೆಯ ಹೆಸರಿನಡಿ ಇದ್ದ ಈ ಎರಡು ಕನ್ನಡ ಪ್ರದೇಶಗಳು ಬೇರೆಯಾದವು. ಇಲ್ಲಿನ ಕನ್ನಡಕ್ಕೆ ಬರಹದ ಪರಂಪರೆ ಇಲ್ಲವೆನ್ನಲಾಗದು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಮಡಕಶಿರಾ ಸೀಮೆಯದೇ. ಅಲ್ಲಿನ ಕನ್ನಡ ಶಾಸನಗಳು ಸಾವಿರ ವರ್ಷ ಹಳೆಯವು. ಆದರೆ ಇಂದು ಆಡಳಿತ, ನಾಮಫಲಕ, ಬಹುಪಾಲು ಶಾಲೆಗಳ ಲಿಪಿ ತೆಲುಗು. ಕನ್ನಡ ಮಾಧ್ಯಮದ ಶಾಲೆಗೆ ಹೋಗದ ಮಗುವಿಗೆ ಮನೆಯ ಮಾತು ಕನ್ನಡವಾಗಿಯೂ ಓದಿನ ಅಕ್ಷರ ತೆಲುಗು ಅಥವಾ ಇಂಗ್ಲಿಷ್ ಆಗುತ್ತದೆ. ಆಡುವ ಭಾಷೆ ಒಂದು, ಓದುವ ಭಾಷೆ ಇನ್ನೊಂದು ಆದವರಿಗೆ ಅಕ್ಷರದ ಹಂಗಿಲ್ಲದೆ ಕನ್ನಡ ಚಲಾವಣೆಯಾಗುವ ಸಾರ್ವಜನಿಕ ಸ್ಥಳಗಳು ಕೆಲವೇ: ಸಂತೆ, ಬಸ್ಸು, ಹೋಟೆಲು.

ಹೋಟೆಲಿನಲ್ಲಿ ಈ ಚಲಾವಣೆ ಹೇಗೆ ನಡೆಯುತ್ತದೆಂಬುದಕ್ಕೆ ಒಂದು ತಿಂಡಿಯ ಹೆಸರು ಸಾಕು. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿ ಮೆಣಸಿನಕಾಯಿ ಬಜ್ಜಿಯೊಡನೆ ಕೊಡುವ ತಿಂಡಿ ಬಳ್ಳಾರಿಯ ಕಡೆ 'ಒಗ್ಗರಣಿ', ಅನಂತಪುರ, ಕರ್ನೂಲುಗಳ ತೆಲುಗಿನಲ್ಲಿ 'ಉಗ್ಗಾನಿ'. ರಾಯದುರ್ಗದಲ್ಲಿ 'ಅಣ್ಣಾ, ಒಂದ್ ಒಗ್ಗರಣಿ ಕೊಡ್ರಿ' ಎಂದರೂ 'ಉಗ್ಗಾನಿ' ಎಂದರೂ ಬರುವುದು ಅದೇ ತಟ್ಟೆ. ಕೇಳುವವನು ಯಾವ ಭಾಷೆಯವನೆಂದು ಕೊಡುವವನು ವಿಚಾರಿಸುವುದಿಲ್ಲ. ಕನ್ನಡದ 'ಅಣ್ಣಾ'ಕ್ಕೂ ತೆಲುಗಿನ 'ಅನ್ನಾ'ಕ್ಕೂ ಇರುವ ಅಂತರ ಒಂದು ಮೂರ್ಧನ್ಯ ವ್ಯಂಜನದ್ದು. ಆ ಅಂತರದಲ್ಲಿ ಯಾರೂ ಎಡವುವುದಿಲ್ಲ. ಭಾಷಾವಿಜ್ಞಾನ ಇದನ್ನು ಭಾಷಾಮಿಶ್ರಣವೆಂದು ಕರೆಯಬಹುದು. ಆಡುವವರಿಗೆ ಅದು ಹೊತ್ತಿಗೊದಗುವ ಮಾತು, ಅಷ್ಟೆ.

ಪರದೆ ಇದಕ್ಕೆ ವಿರುದ್ಧವಾದ ಕ್ರಮದಲ್ಲಿ ಕೆಲಸ ಮಾಡುತ್ತದೆ. ಭಾಷೆಯ ಆಯ್ಕೆ ಇರುವ ಪರದೆ ಮೊದಲು ಕೇಳುವುದೇ 'ನಿಮ್ಮ ಭಾಷೆ ಯಾವುದು' ಎಂದು. ತಿಂಡಿಗೆ ಮುನ್ನ ಭಾಷಾಘೋಷಣೆ ಆಗಬೇಕು, ಘೋಷಿಸಿದ ಮೇಲೆ ಕೊನೆಯವರೆಗೂ ಅದರಲ್ಲೇ ಇರಬೇಕು. ಜನಗಣತಿಯ ಮಾತೃಭಾಷೆಯ ಅಂಕಣದಂತೆ ಇದೂ ಒಂದೇ ಉತ್ತರವನ್ನು ಒಪ್ಪುತ್ತದೆ. ಇನ್ನು ಆಯ್ಕೆಗಳ ಪಟ್ಟಿಯನ್ನು ಸಾಮಾನ್ಯವಾಗಿ ನಿರ್ಧರಿಸುವುದು ರಾಜ್ಯದ ಗಡಿ. ಬ್ಯಾಂಕಿನ ಎಟಿಎಂ ಈ ಪಾಠವನ್ನು ಮೊದಲೇ ಕಲಿಸಿದೆ: ಇಂಗ್ಲಿಷ್, ಹಿಂದಿ, ಆಯಾ ರಾಜ್ಯದ ಭಾಷೆ. ಯೂನಿಕೋಡಿನಲ್ಲಿ ತೆಲುಗು ಮತ್ತು ಕನ್ನಡ ಅಕ್ಕಪಕ್ಕದ ಮನೆಗಳು. ತೆಲುಗಿಗೆ ಮೀಸಲಾದ 128 ಸ್ಥಾನಗಳು ಮುಗಿದ ಕೂಡಲೇ ಕನ್ನಡದ 128 ಆರಂಭವಾಗುತ್ತವೆ. ಅಂದರೆ ಕೊರತೆ ತಂತ್ರದ್ದಲ್ಲ. ಪಟ್ಟಿ ಮಾಡುವವರ ಕಣ್ಣಿಗೆ ಗಡಿಯ ಈಚಿನ ಕನ್ನಡಿಗ ಬೀಳುವುದಿಲ್ಲ.

ಹಾಗಾದರೆ ಕನ್ನಡದ ಗುಂಡಿಯೊಂದನ್ನು ಸೇರಿಸಿದರೆ ಸಾಕೇ? ಭಾಷಾಹಕ್ಕಿನ ಚರ್ಚೆ ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತದೆ. ಆದರೆ ತೆಲುಗು ಅಕ್ಷರ ಮಾತ್ರ ಕಲಿತ ಕನ್ನಡಿಗನಿಗೆ ಕನ್ನಡ ಲಿಪಿಯ ಗುಂಡಿ ಅಪರಿಚಿತವೇ. ಬೆಂಗಳೂರಿಗೆ ಕೆಲಸ ಹುಡುಕಿ ಹೋಗುವ ಮಡಕಶಿರಾದ ಹುಡುಗನಿಗೆ ಅಲ್ಲಿನ ಪರದೆ ಕನ್ನಡದಲ್ಲಿದ್ದರೂ ಓದಲಾಗದೆ, ತನ್ನ ಮಾತೃಭಾಷೆಯ ರಾಜಧಾನಿಯಲ್ಲೇ ಇಂಗ್ಲಿಷ್ ಗುಂಡಿಯನ್ನು ಒತ್ತಬೇಕಾಗಬಹುದು. ಅದೇ ಹುಡುಗ ಗಲ್ಲಾದ ಮುಂದೆ ಬಾಯಿಬಿಟ್ಟರೆ ಪೂರ್ಣ ಕನ್ನಡಿಗ. ಮಾತನ್ನು ಅಕ್ಷರಕ್ಕೆ ಇಳಿಸುವ ಯಂತ್ರ ಅವನನ್ನು ಅನಕ್ಷರಸ್ಥನನ್ನಾಗಿಸುತ್ತದೆ.

ಹಾಗೆಂದು ಹಳೆಯ ಹೋಟೆಲನ್ನು ಆದರ್ಶವೆಂದು ಕಾಣಲಾಗದು. ಕೇಳಿಸಿಕೊಳ್ಳುವ ಕಿವಿ ಜಾತಿಯನ್ನೂ ಕೇಳಿಸಿಕೊಳ್ಳುತ್ತಿತ್ತು. ಎರಡು ಲೋಟದ ಪದ್ಧತಿ ಗಡಿಯ ಎರಡೂ ಬದಿಗೆ ಗೊತ್ತಿದ್ದ ಅವಮಾನ. ಉಚ್ಚಾರಣೆಯಿಂದ ಊರನ್ನೂ ಕೇರಿಯನ್ನೂ ಗುರುತಿಸಿ ನಗುವವರ ಮುಂದೆ ಬಾಯಿಬಿಡುವುದಕ್ಕಿಂತ ಮೌನವಾದ ಪರದೆಯೇ ಮೇಲೆಂದು ಒಬ್ಬರಿಗೆ ತೋರಿದರೆ ಆ ಆಯ್ಕೆಗೆ ಕಾರಣವಿದೆ. ಮಾತು ಬಾರದವರಿಗೆ, ಕಿವಿ ಕೇಳದವರಿಗೆ ಪರದೆ ನಿಜವಾದ ಅನುಕೂಲ. ಆದ್ದರಿಂದ ವಿಮರ್ಶೆ ಯಂತ್ರವನ್ನು ನಿರಾಕರಿಸುವ ದಾರಿ ಹಿಡಿಯಬಾರದು. ಪರದೆ ಕೊಡುವ ಅನಾಮಿಕತೆಯನ್ನು ಉಳಿಸಿಕೊಂಡು, ಅದು ಕಸಿಯುವ ದ್ವಿಭಾಷಿಕತೆಯನ್ನು ಮರಳಿ ಪಡೆಯುವುದು ಹೇಗೆಂದು ಕೇಳಬೇಕು.

ಕಾನೂನಿನ ನೆರವು ಇಲ್ಲಿ ಅಲ್ಪ. ಸಂವಿಧಾನದ 350ಎ, 350ಬಿ ವಿಧಿಗಳು ಪ್ರಾಥಮಿಕ ಶಿಕ್ಷಣ ಹಾಗೂ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗೆ ಸಂಬಂಧಿಸಿದವು; ಶೇ. 15ರಿಂದ 20ರಷ್ಟು ಅಲ್ಪಸಂಖ್ಯಾತರಿರುವೆಡೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರಬೇಕೆಂಬ 1956ರ ಜ್ಞಾಪನಪತ್ರ ಸರ್ಕಾರವನ್ನು ಕುರಿತದ್ದು. ಕರ್ನಾಟಕದಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂಬ 2024ರ ತಿದ್ದುಪಡಿ ಗಡಿ ದಾಟಿ ಬರುವುದಿಲ್ಲ. ಖಾಸಗಿ ಮಳಿಗೆಯ ಪರದೆ ಈ ಎಲ್ಲವುಗಳ ಆಚೆ ನಿಂತಿದೆ.

ಧ್ವನಿ ಗುರುತಿಸುವ ತಂತ್ರಜ್ಞಾನ ಒಂದು ಬಾಗಿಲನ್ನು ತೆರೆಯಬಹುದು. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಭಾಷಿಣಿ' ಯೋಜನೆ ಭಾರತೀಯ ಭಾಷೆಗಳ ಮಾತನ್ನು ಯಂತ್ರಕ್ಕೆ ಅರ್ಥಮಾಡಿಸುವ ಗುರಿ ಹೊಂದಿದೆ. ಆದರೆ ಆ ಯಂತ್ರಕ್ಕೆ ಕಲಿಸುವ ಕನ್ನಡ ಯಾವುದು? 'ಒಗ್ಗರಣಿ' ಎಂದಾಗ ಅದನ್ನು 'ಒಗ್ಗರಣೆ' ಎಂದು ತಿದ್ದುವ, 'ಉಗ್ಗಾನಿ' ಎಂದಾಗ ಭಾಷೆ ಬದಲಿಸಲೇ ಎಂದು ಕೇಳುವ ಯಂತ್ರ ಹಳೆಯ ಪರದೆಯ ಮುಂದುವರಿಕೆಯಷ್ಟೇ ಆಗುತ್ತದೆ. ಅಗಳಿ, ರೊಳ್ಳ, ಡಿ. ಹಿರೇಹಾಳುಗಳ ಆಡುಮಾತನ್ನು ಧ್ವನಿಮುದ್ರಿಸಿ, ಒಂದು ವಸ್ತುವಿನ ಎರಡು ಹೆಸರುಗಳನ್ನೂ ಒಂದೇ ನಮೂದಿನಡಿ ಸೇರಿಸುವ ಕೆಲಸವನ್ನು ಗಡಿ ಪ್ರದೇಶದ ಸಂಶೋಧನೆ ಕೈಗೆತ್ತಿಕೊಳ್ಳಬೇಕು. ಇದು ನಿಘಂಟು ಕಟ್ಟುವ ಹಳೆಯ ಕೆಲಸವೇ. ಅದು ಆಗುವವರೆಗೆ ಪರದೆಯ ಪಕ್ಕದಲ್ಲಿ ಗಲ್ಲಾವನ್ನೂ ಅಲ್ಲಿ ಒಬ್ಬ ಮನುಷ್ಯನನ್ನೂ ಉಳಿಸಬೇಕೆಂಬ ಬೇಡಿಕೆ ಗಡಿ ಕನ್ನಡಿಗರ ಮಟ್ಟಿಗೆ ಭಾಷಾನೀತಿಯ ಬೇಡಿಕೆಯೇ ಆಗಿದೆ.