ವಂಜರಮೋ ಅಂಜಲೋ: ಒಂದು ಹೋಳಿನ ವಿಮರ್ಶೆ

ಪುಸ್ತಕಕ್ಕೂ ನಾಟಕಕ್ಕೂ ವಿಮರ್ಶೆ ಉಂಟು. ತಟ್ಟೆಯ ಮೇಲಿನ ಮೀನಿಗೇಕೆ ಇರಬಾರದು? ತಿಂಗಳಿಗೊಮ್ಮೆ ಸಂಸಾರ ಸಮೇತ ಹೊಟೇಲಿಗೆ ಹೋಗಿ ಬಿಲ್ಲು ತೆರುವ ನಮ್ಮಂಥ ಗುಮಾಸ್ತರಿಗೆ ಆ ಹಕ್ಕು ಖಂಡಿತ ಇದೆ. ಶಾಕಾಹಾರಿ ಬಂಧುಗಳು ಈ ಪುಟವನ್ನು ದಾಟಿ ಮುಂದೆ ಹೋದರೆ ನಮ್ಮ ಆಕ್ಷೇಪಣೆಯಿಲ್ಲ.

ಇಂಗ್ಲಿಷಿನಲ್ಲಿ ಸ್ಟೇಕ್ ಎಂದರೆ ಸಾಮಾನ್ಯವಾಗಿ ದನದ ಮಾಂಸದ ದಪ್ಪ ಹೋಳು. ದೊಡ್ಡ ಮೀನನ್ನು ಬೆನ್ನುಮೂಳೆಗೆ ಅಡ್ಡವಾಗಿ ಕೊಯ್ದ ಹೋಳಿಗೂ ಅದೇ ಹೆಸರು. ನಮ್ಮ ಪಟಮಟದಲ್ಲಿ ಅಂಥ ಹೋಳು ಬೇಕೆಂದರೆ 'ವಂಜರಂ ಫ್ರೈ' ಎಂದು ಕೇಳಬೇಕು. ಮಂಗಳೂರು, ಉಡುಪಿಯವರಿಗೆ ಇದು ಅಂಜಲ್, ಕಾರವಾರದವರಿಗೆ ಇಸ್ವಾಣ. ಹೆಸರು ಮೂರು, ಮೀನು ಒಂದೇ.

ಇಲ್ಲಿನ ಅಡುಗೆಯವರ ಕೈಗುಣ ಕಡಿಮೆಯದೇನಲ್ಲ. ಹುಣಸೆಹುಳಿಯ ಚೇಪಲ ಪುಲುಸು ಉಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಅದರಲ್ಲಿ ತೆಂಗಿನಕಾಯಿ ಇಲ್ಲವೆಂದು ಮೂಗು ಮುರಿಯುವ ನಮ್ಮವರನ್ನು ನಾವು ಒಪ್ಪುವುದಿಲ್ಲ. ಪುಲುಸನ್ನು ಗಸಿಯ ಅಳತೆಗೋಲಿನಿಂದ ಅಳೆಯುವುದು ಅನ್ಯಾಯ. ನಮ್ಮ ತಕರಾರು ಏನಿದ್ದರೂ ಫ್ರೈ ಬಗ್ಗೆ.

ಹಲವು ಕಡೆ ಹೋಳು ತೆಳ್ಳಗೆ, ಲೇಪ ದಪ್ಪ. ಕಾರ್ನ್‌ಫ್ಲೋರ್, ಕೆಂಪು ಬಣ್ಣ, ಗುಂಟೂರು ಖಾರ ಎಲ್ಲವನ್ನೂ ಬಳಿದು ಬಾಣಲೆಯ ಎಣ್ಣೆಯಲ್ಲಿ ಮುಳುಗಿಸುತ್ತಾರೆ. ಮೀನು ಒಳಗೇ ಒಣಗಿ ನಾರಾಗುತ್ತದೆ. ಬಾಯಿಗೆ ಸಿಗುವುದು ಮಸಾಲೆಯ ಚಕ್ಕೆ.

ಬಿ.ಎಸ್‌ಸಿ. ಓದಿದ ಋಣಕ್ಕೆ ಎರಡು ಮಾತು. ಹೋಳು ಹೊಂಬಣ್ಣಕ್ಕೆ ತಿರುಗಿ ಘಮ್ಮೆನ್ನುವುದು ಅದರ ಪ್ರೋಟೀನಿನ ಅಂಶವೂ ಸಕ್ಕರೆಯ ಅಂಶವೂ ಕಾವಿನಲ್ಲಿ ಕೂಡುವುದರಿಂದ. ಫ್ರಾನ್ಸಿನ ಮಯಾರ್ ಎಂಬ ವಿಜ್ಞಾನಿ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು. ಇದು ಚುರುಕಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ಮೇಲೆ. ನೀರು 100 ಡಿಗ್ರಿಯಲ್ಲೇ ಕುದಿಯುವುದರಿಂದ, ಒದ್ದೆ ಹೋಳು ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಬಣ್ಣದ ಪುಡಿ ಬೇಕಾಗುವುದು ಆಗಲೇ!

ದಪ್ಪ ಲೇಪದಿಂದ ಇನ್ನೂ ದೊಡ್ಡ ಕೇಡೊಂದಿದೆ: ಕೆಟ್ಟ ಮೀನಿನ ವಾಸನೆಯೂ ಮುಚ್ಚಿಹೋಗುತ್ತದೆ. ಅಂಜಲ್, ಬಂಗುಡೆಯಂಥ ಮೀನನ್ನು ಹಿಡಿದ ಕೂಡಲೇ ಮಂಜುಗಡ್ಡೆಯಲ್ಲಿ ಇಡದಿದ್ದರೆ ಅದರಲ್ಲಿ ಹಿಸ್ಟಮೀನ್ ಹುಟ್ಟಬಹುದು. ಎಷ್ಟು ಹುರಿದರೂ ಅದು ನಾಶವಾಗದು. ತಿಂದವರಿಗೆ ಮುಖ ಕೆಂಪೇರಿ ತಲೆನೋವು, ದದ್ದು ಕಾಣಿಸಿಕೊಳ್ಳುತ್ತದೆ. ಬಂದರು ರಸ್ತೆ ಹಿಡಿದು ಹೋದರೆ ಮಚಲೀಪಟ್ಟಣ ಇಲ್ಲಿಂದ ಸುಮಾರು 70 ಕಿ.ಮೀ. ಸಾಲದ್ದಕ್ಕೆ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲೂ 'ಈಗ ತಾನೇ ಬಂದದ್ದು ಸಾರ್' ಎಂದರೆ, ಎಲ್ಲಿಂದ ಬಂತಪ್ಪಾ ಎಂದು ಕೇಳುವುದು ಗಿರಾಕಿಯ ಧರ್ಮ. ಆ ಎರಡು ತಿಂಗಳು ಜೀವಂತವಾಗಿ ಮಾರುವ ಕೊರಮೀನೇ ಜಾಣತನ.

ಇನ್ನು ಮನೆಯ ಸಂಗತಿ. ಕಿವಿರು ಕೆಂಪಗೆ, ಕಣ್ಣು ತಿಳಿಯಾಗಿ ಇರುವ ಮೀನನ್ನು ನೋಡಿ, ಎದುರಿಗೇ ಬೆರಳು ದಪ್ಪಕ್ಕೆ ಕೊಯ್ಯಿಸಬೇಕು. ತೊಳೆದು ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಅರಿಸಿನ, ಹುಣಸೆಹಣ್ಣು, ಉಪ್ಪು ಗಟ್ಟಿಯಾಗಿ ಅರೆದು ತೆಳ್ಳಗೆ ಸವರಿ ಅರ್ಧ ಗಂಟೆ ಬಿಡಬೇಕು. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಮೀನಿನ ಮಾತು ಕೇಳಿಸಲು ಅದು ಅವಕಾಶ ಕೊಡುತ್ತದೆ. ಕಬ್ಬಿಣದ ದೋಸೆ ಕಾವಲಿ ಚೆನ್ನಾಗಿ ಕಾದ ಮೇಲೆ ಎರಡು ಚಮಚ ಎಣ್ಣೆ. ಒಂದು ಮಗ್ಗುಲು ಕೆಂಪಾಗುವವರೆಗೆ ಕದಲಿಸಬಾರದು. ಮಗುಚುವುದು ಒಂದೇ ಸಲ.

ಇದು ಬರೀ ನಾಲಿಗೆಯ ಚಾಪಲ್ಯದ ಮಾತಲ್ಲ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕೆಂಪು ಬಣ್ಣವನ್ನೇ ರುಚಿಯೆಂದು ತಿಳಿಯುತ್ತಿದ್ದಾರೆ. ಅವರು ಹೊಟೇಲಿನಲ್ಲಿ ವಂಜರಂ ಎಂದೇ ಕೇಳಲಿ; ಆದರೆ ಅಂಜಲ್ ಎಂಬ ಹೆಸರನ್ನೂ ಅದರ ನಿಜವಾದ ರುಚಿಯನ್ನೂ ಮನೆಯ ಕಾವಲಿ ಅವರಿಗೆ ಕಲಿಸಲಿ. ಹೊಟೇಲಿನವರಲ್ಲಿ ನಮ್ಮ ಅರಿಕೆ ಇಷ್ಟೇ: ಲೇಪ ಅರ್ಧ ಮಾಡಿ, ಹೋಳು ದಪ್ಪ ಮಾಡಿ. ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಲು ನಾವು ಸಿದ್ಧರಿದ್ದೇವೆ.