ಮೂರಾಣೆಯ ಲೆಕ್ಕ: ಲೋಕಸಭೆಯಲ್ಲಿ ಲೋಹಿಯಾ

ಮುಖಕ್ಕೆ ಹೊಡೆದಂತೆ ಮಾತನಾಡುವ ಶಾಸಕರೆಂದರೆ ನಮಗೆಲ್ಲ ಒಂದು ಬಗೆಯ ಅಕ್ಕರೆ. ಅವರು ಮಂತ್ರಿಗಳನ್ನು ತರಾಟೆಗೆ ತೆಗೆದುಕೊಂಡ ಸುದ್ದಿಯನ್ನು ಬೆಳಗಿನ ಪತ್ರಿಕೆಯಲ್ಲಿ ಓದಿ, "ಭೇಷ್" ಎಂದು ಹೇಳಿ ಕಛೇರಿಗೆ ಹೊರಡುತ್ತೇವೆ. ಸಂಜೆಯ ಹೊತ್ತಿಗೆ ಅವರು ಹೇಳಿದ್ದೇನೆಂಬುದು ಮರೆತಿರುತ್ತದೆ. ಬೈದರೆಂಬುದಷ್ಟೇ ನೆನಪಿನಲ್ಲಿ ಉಳಿದಿರುತ್ತದೆ. ಹಾಗಾದರೆ ನಿಷ್ಠುರವಾದ ಮಾತಿನಿಂದ ಸಂಸತ್ತಿನ ಚರ್ಚೆಗೆ ಆಗುವ ಲಾಭವೇನು? ಡಾ. ರಾಮಮನೋಹರ ಲೋಹಿಯಾ ಅವರ ಲೋಕಸಭಾ ಭಾಷಣಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಲೋಹಿಯಾ ಲೋಕಸಭೆಯಲ್ಲಿ ಬಹಳ ಕಾಲ ಇದ್ದವರಲ್ಲ. 1963ರ ಉಪಚುನಾವಣೆಯಲ್ಲಿ ಉತ್ತರ ಪ್ರದೇಶದ ಫರೂಕಾಬಾದಿನಿಂದ ಗೆದ್ದು ಬಂದರು. 1967ರಲ್ಲಿ ಕನೌಜಿನಿಂದ ಮತ್ತೆ ಆರಿಸಿ ಬಂದು, ಅದೇ ವರ್ಷ ಅಕ್ಟೋಬರ್ 12ರಂದು ದೆಹಲಿಯಲ್ಲಿ ತೀರಿಕೊಂಡರು. ನಾಲ್ಕು ವರ್ಷ ಚಿಲ್ಲರೆಯ ಈ ಅವಧಿಯಲ್ಲಿ ಅವರು ಆಡಿದ ಮಾತುಗಳಲ್ಲಿ ಇಂದಿಗೂ ಜನ ನೆನೆಯುವುದು ಮುಖ್ಯವಾಗಿ ಒಂದನ್ನು. ಅದು ಮೂರಾಣೆಯ ಮಾತು.

1963ರ ಆಗಸ್ಟಿನಲ್ಲಿ ಆಚಾರ್ಯ ಕೃಪಲಾನಿಯವರು ನೆಹರೂ ಸರ್ಕಾರದ ವಿರುದ್ಧ ಅವಿಶ್ವಾಸ ನಿರ್ಣಯವನ್ನು ಮಂಡಿಸಿದರು. ಲೋಕಸಭೆ ಕಂಡ ಮೊದಲ ಅವಿಶ್ವಾಸ ನಿರ್ಣಯವದು. ಹಿಂದಿನ ವರ್ಷದ ಚೀನಾ ಯುದ್ಧದ ಗಾಯ ಇನ್ನೂ ಹಸಿಯಾಗಿತ್ತು; ಎಲ್ಲರ ಕಣ್ಣೂ ಗಡಿಯ ಮೇಲಿತ್ತು. ಲೋಹಿಯಾ ಮಾತ್ರ ಸಭೆಯ ಕಣ್ಣನ್ನು ಊಟದ ತಟ್ಟೆಯ ಕಡೆಗೆ ತಿರುಗಿಸಿದರು. ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯವರಿಗಾಗಿ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಎಂದರು. ಮೂರಾಣೆಯಲ್ಲ, ಹದಿನೈದಾಣೆ ಎಂದು ನೆಹರೂ ಹೇಳಿದರು. ಯೋಜನಾ ಸಚಿವ ಗುಲ್ಜಾರಿಲಾಲ್ ನಂದಾ ಏಳೂವರೆ ಆಣೆಯೆಂದರು. ನಿರ್ಣಯಕ್ಕೆ ಬಿದ್ದದ್ದು 62 ಮತ, ವಿರುದ್ಧ 347. ಸರ್ಕಾರ ಸುಖವಾಗಿ ಉಳಿಯಿತು. ಆದರೆ ಆಣೆಯ ಲೆಕ್ಕ ಮಾತ್ರ ಮತದಾನದೊಡನೆ ಮುಗಿಯಲಿಲ್ಲ.

ಈ ಮೂರು ಅಂಕಿಗಳನ್ನು ನಾವು ತಿಂಗಳ ಮನೆಲೆಕ್ಕದಂತೆ ಬರೆದು ನೋಡೋಣ. ದಿನಕ್ಕೆ ಮೂರಾಣೆಯೆಂದರೆ ತಿಂಗಳಿಗೆ 5 ರೂಪಾಯಿ 10 ಆಣೆ. ಏಳೂವರೆ ಆಣೆಯೆಂದರೆ 14 ರೂಪಾಯಿ 1 ಆಣೆ. ಹದಿನೈದಾಣೆಯೆಂದರೆ 28 ರೂಪಾಯಿ 2 ಆಣೆ. ಇಲ್ಲಿ ಇನ್ನೊಂದು ಅಂಕಿಯನ್ನು ಪಕ್ಕದಲ್ಲಿಡಬೇಕು. ಅದಕ್ಕೆ ಒಂದು ವರ್ಷ ಮೊದಲು, 1962ರಲ್ಲಿ, ಸರ್ಕಾರವೇ ನೇಮಿಸಿದ ತಜ್ಞರ ತಂಡವೊಂದು ಮನುಷ್ಯನ ಕನಿಷ್ಠ ಜೀವನಕ್ಕೆ 1960-61ರ ಬೆಲೆಗಳಲ್ಲಿ ತಲೆಗೆ ತಿಂಗಳಿಗೆ 20 ರೂಪಾಯಿ ಬೇಕೆಂದು ಲೆಕ್ಕ ಹಾಕಿತ್ತು. ಅದರಲ್ಲಿ ವೈದ್ಯ, ವಿದ್ಯೆಗಳ ವೆಚ್ಚ ಸೇರಿರಲಿಲ್ಲ. ಅವನ್ನು ಸರ್ಕಾರವೇ ನೋಡಿಕೊಳ್ಳುವುದೆಂಬ ಭರವಸೆ. ಹಾಗಾದಮೇಲೆ ನಂದಾ ಅವರ ಅಂಕಿಯನ್ನೇ ಒಪ್ಪಿಕೊಂಡರೂ ಬಡವನ ಜೇಬಿನಲ್ಲಿ ತಿಂಗಳಿಗೆ ಸುಮಾರು ಆರು ರೂಪಾಯಿ ಕಡಿಮೆಯೇ. ಸರ್ಕಾರ ಲೋಹಿಯಾರನ್ನು ತಿದ್ದಲು ಹೋಗಿ ಅವರ ವಾದಕ್ಕೆ ಸಹಿ ಹಾಕಿದಂತಾಯಿತು.

ಇನ್ನು ನೆಹರೂ ಅವರ ಹದಿನೈದಾಣೆ. ಅದು ಸುಳ್ಳಲ್ಲ, ಅದು ಇಡೀ ದೇಶದ ಸರಾಸರಿ. ಒಂದು ಕೋಣೆಯಲ್ಲಿ ಐದು ಜನರಿದ್ದಾರೆನ್ನಿ. ಒಬ್ಬರಿಗೆ ಸಾವಿರ ರೂಪಾಯಿ, ಉಳಿದ ನಾಲ್ವರಿಗೆ ತಲಾ ನೂರು ರೂಪಾಯಿ ಸಂಬಳ. ಸರಾಸರಿ 280. ಆ ಕೋಣೆಯಲ್ಲಿ 280 ರೂಪಾಯಿ ಪಡೆಯುವ ಮನುಷ್ಯ ಒಬ್ಬನೂ ಇಲ್ಲ. ಕಾಲೇಜಿನಲ್ಲಿ ವಿಜ್ಞಾನ ಓದುವಾಗ ಸರಾಸರಿ ತೆಗೆಯುವುದನ್ನು ಕಲಿತೆವು; ಯಾರ ಸರಾಸರಿ ಎಂದು ಕೇಳುವುದನ್ನು ಸಂಬಳದ ಪಟ್ಟಿ ಬರೆಯುವಾಗ ಕಲಿಯಬೇಕಾಯಿತು. ಲೋಹಿಯಾ ಸಭೆಯಲ್ಲಿ ಕೇಳಿದ್ದು ಈ ಪ್ರಶ್ನೆಯನ್ನೇ.

ಅವರು ಆಣೆಯಲ್ಲಿ ಮಾತನಾಡಿದ್ದೂ ಗಮನಾರ್ಹ. 1957ರ ಏಪ್ರಿಲಿನಲ್ಲಿಯೇ ನಯಾಪೈಸೆ ಬಂದಿತ್ತು. ಹತ್ತೊಂಬತ್ತು ನಯಾಪೈಸೆ ಎಂದಿದ್ದರೆ ಅದು ಕಡತದ ಮಾತಾಗುತ್ತಿತ್ತು. ಸಂತೆಯಲ್ಲಿ ಕೊತ್ತಂಬರಿ ಸೊಪ್ಪು ಕೊಳ್ಳುವ ಹೆಂಗಸು ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದಳು. ಬರ್ಲಿನ್‌ನಲ್ಲಿ ಉಪ್ಪಿನ ತೆರಿಗೆಯ ವಿಷಯವಾಗಿ ಡಾಕ್ಟರೇಟು ಪಡೆದ ಮನುಷ್ಯ ಅವಳ ನಾಣ್ಯದಲ್ಲಿ ಮಾತನಾಡಿದರು.

ಹಾಗೆಂದು ಲೋಹಿಯಾ ಹೇಳಿದ್ದೆಲ್ಲವನ್ನೂ ನಾವು ತಲೆಯ ಮೇಲೆ ಹೊರಬೇಕಾಗಿಲ್ಲ. ಮುಂದೆ 1971ರಲ್ಲಿ ಪುಣೆಯ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ ಅವರು ಭಾರತದ ಬಡತನದ ಬಗ್ಗೆ ಪ್ರಕಟಿಸಿದ ಅಧ್ಯಯನದಂತೆ, 1960-61ರಲ್ಲಿ ಹಳ್ಳಿಗಳಲ್ಲಿ ಸುಮಾರು ಶೇಕಡಾ 40, ಪಟ್ಟಣಗಳಲ್ಲಿ ಸುಮಾರು ಶೇಕಡಾ 50 ಜನರಿಗೆ ಸಾಕಷ್ಟು ಆಹಾರ ದೊರಕುವಷ್ಟು ಆದಾಯವಿರಲಿಲ್ಲ. ಭಯಂಕರ ಅಂಕಿಯೇ ಸರಿ. ಆದರೂ 44 ಕೋಟಿಯಲ್ಲಿ 27 ಕೋಟಿ ಜನ ಮೂರಾಣೆಯಲ್ಲಿದ್ದರೆಂಬ ಮಾತಿಗಿಂತ ಕಡಿಮೆ. ಮೂರಾಣೆ ತೀರ ಬಿಗಿಹಿಡಿದ ಲೆಕ್ಕವೆಂದೇ ನಮ್ಮ ಅಭಿಪ್ರಾಯ. ಪ್ರಧಾನಿಯ ಭದ್ರತೆಯ ಖರ್ಚನ್ನೂ ಕೂಲಿಯವನ ಊಟದ ಖರ್ಚನ್ನೂ ಒಂದೇ ತಕ್ಕಡಿಯಲ್ಲಿಟ್ಟದ್ದೂ ನ್ಯಾಯವಾದ ತೂಕವಲ್ಲ. ಅಂಕಿಯಲ್ಲಿ ತಪ್ಪಿದರೂ ಪ್ರಶ್ನೆಯಲ್ಲಿ ಅವರು ತಪ್ಪಲಿಲ್ಲ. ತಪ್ಪು ಅಂಕಿಗೆ ಉತ್ತರವಾಗಿ ಸರಿಯಾದ ಅಂಕಿಯನ್ನು ತರುವ ಹೊಣೆ ಸರ್ಕಾರದ ಮೇಲೆ ಬಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅವರಲ್ಲೇ ಇದೆ. ಇಂದಿರಾ ಗಾಂಧಿಯವರನ್ನು 'ಮೂಕ ಬೊಂಬೆ' ಎಂದು ಲೋಹಿಯಾ ಹಂಗಿಸಿದ್ದು ಪ್ರಸಿದ್ಧವಾಗಿದೆ. ಅದರಲ್ಲಿ ಲೆಕ್ಕವಿಲ್ಲ, ಪ್ರಶ್ನೆಯಿಲ್ಲ, ಉತ್ತರ ಹೇಳುವ ಹೊಣೆಯನ್ನು ಯಾರ ಮೇಲೂ ಹೊರಿಸುವುದಿಲ್ಲ. 1969ರಲ್ಲಿ ಪಕ್ಷವನ್ನೇ ಒಡೆದು, 1971ರಲ್ಲಿ ಭಾರಿ ಬಹುಮತ ಗಳಿಸಿದ ಆಕೆ ಮೂಕಳೂ ಅಲ್ಲ, ಬೊಂಬೆಯೂ ಅಲ್ಲವೆಂದು ತೋರಿತು. ಒಬ್ಬರದೇ ನಾಲಗೆಯಿಂದ ಬಂದ ಎರಡು ಕಟುವಾದ ಮಾತು. ಒಂದು ಚರ್ಚೆಯನ್ನು ಬೆಳೆಸಿತು, ಇನ್ನೊಂದು ಬರಿಯ ನಗೆಯಾಗಿ ಹೋಯಿತು.

ಕನ್ನಡಿಗರಿಗೆ ಲೋಹಿಯಾ ದೂರದವರಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಅಲ್ಲಿಗೆ ಬಂದು ಬಂಧನಕ್ಕೊಳಗಾದವರು ಅವರು. ಅಲ್ಲಿನ ಜಗಳದ ಬೇರು ಗೇಣಿಯ ಭತ್ತವನ್ನು ಅಳೆಯುವ ಕೊಳಗದಲ್ಲಿತ್ತು: ಧಣಿಯ ಕೊಳಗ ದೊಡ್ಡದೆಂಬುದು ರೈತರ ದೂರು. ಹನ್ನೆರಡು ವರ್ಷಗಳ ತರುವಾಯ ಲೋಕಸಭೆಯಲ್ಲಿ ಅವರು ಎತ್ತಿದ್ದೂ ಅಂಥದೇ ತಕರಾರು. ಅಳೆಯುವವನು ಯಾರು, ಅಳತೆ ಯಾರದು?

ಭಾಷೆಯ ವಿಷಯದಲ್ಲಿ ನಮಗೆ ಅವರೊಡನೆ ಒಂದು ತಕರಾರುಂಟು. ಇಂಗ್ಲಿಷ್ ತೊಲಗಲಿ, ಜನರ ನುಡಿಗಳು ಬರಲಿ ಎಂದರು. ಸಭೆಯಲ್ಲಿ ಆಡಿದ್ದು ಹಿಂದಿ. ಹೊರನಾಡಿನಲ್ಲಿ ಬಾಳುವ ನಮಗೆ ಇಂಗ್ಲಿಷಿನ ಕುರ್ಚಿಯಲ್ಲಿ ಹಿಂದಿ ಕುಳಿತರೆ ಆಗುವ ಲಾಭವೇನೆಂಬ ಸಂಶಯ ಸಹಜ. ಅದಕ್ಕೆ ಉತ್ತರವಿತ್ತವರು ಅವರದೇ ಪಕ್ಷದ, ಶಿವಮೊಗ್ಗದ ಸದಸ್ಯ ಜೆ.ಎಚ್. ಪಟೇಲರು. 1967ರಲ್ಲಿ ಸಭಾಧ್ಯಕ್ಷ ಸಂಜೀವ ರೆಡ್ಡಿಯವರ ಅನುಮತಿ ಪಡೆದು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದರು. ಗುರು ಅರ್ಧಕ್ಕೆ ನಿಲ್ಲಿಸಿದ ವಾದವನ್ನು ಶಿಷ್ಯ ಪೂರ್ತಿ ಮಾಡಿದರೆನ್ನಬಹುದು.

ಲೋಕಸಭೆಯ ನಡಾವಳಿಗಳು ಮುದ್ರಿತವಾಗಿ ದೊರೆಯುತ್ತವೆ. ನಮ್ಮ ಸದಸ್ಯರು ಹುಲಿಯಂತೆ ಗರ್ಜಿಸಿದರೆಂದು ಯಾರಾದರೂ ಹೊಗಳಿದಾಗ, ನಡಾವಳಿ ತೆರೆದು ಎರಡನ್ನು ಹುಡುಕೋಣ. ಅವರು ಎಷ್ಟು ಜನರ, ಎಷ್ಟು ದುಡ್ಡಿನ ಮಾತೆತ್ತಿದರು? ಮಂತ್ರಿಗಳು ಎದ್ದುನಿಂತು ಅದಕ್ಕೆ ಅಂಕಿಯಲ್ಲಿ ಉತ್ತರ ಕೊಡಬೇಕಾಯಿತೇ? ಎರಡೂ ಅಲ್ಲಿ ಕಂಡರೆ ಆ ಸದಸ್ಯರಿಗೆ ನಮ್ಮ ಮತ ಸಾರ್ಥಕವಾಯಿತೆಂದು ತಿಳಿಯೋಣ.