ಗುಡ್ಡಕ್ಕೆ ಸಿಕ್ಕಿದ್ದು, ಮರಳಿಗೆ ಸಿಗದ್ದು

ಕರ್ಕಿಯಿಂದ ಉತ್ತರಕ್ಕೆ ಹೆದ್ದಾರಿ ಹಿಡಿದರೆ ಧಾರೇಶ್ವರ. ದಕ್ಷಿಣಕ್ಕೆ ಶರಾವತಿ ಸೇತುವೆ ದಾಟಿದರೆ ಗುಣವಂತೆ, ಅದರಾಚೆ ಮುರ್ಡೇಶ್ವರ. ಗೋಕರ್ಣವನ್ನೂ ಕಾರವಾರದ ಕಡೆಯ ಸಜ್ಜೇಶ್ವರವನ್ನೂ ಸೇರಿಸಿದರೆ ಐದಕ್ಕೂ ಕಥೆ ಒಂದೇ. ಗಣಪತಿ ನೆಲಕ್ಕಿಟ್ಟ ಆತ್ಮಲಿಂಗವನ್ನು ಕೀಳಲಾಗದೆ ರಾವಣ ಸಿಟ್ಟಿನಲ್ಲಿ ಸಂಪುಟ, ಮುಚ್ಚಳ, ದಾರ, ಬಟ್ಟೆಗಳನ್ನು ಎಸೆದ. ಅವು ಬಿದ್ದಲ್ಲೆಲ್ಲ ಶಿವನ ಗುಡಿಗಳಾದವು. ಧಾರೇಶ್ವರ, ಗುಣವಂತೆಗಳು ಇಂದಿಗೂ ಊರವರ ದೇವಸ್ಥಾನಗಳಾಗಿಯೇ ಉಳಿದಿವೆ. ಬಟ್ಟೆ ಬಿದ್ದ ಮುರ್ಡೇಶ್ವರ ಮಾತ್ರ ಪ್ರವಾಸಿ ಪಟ್ಟಣವಾಯಿತು. ಹಾಗಾಗಿ ಮುರ್ಡೇಶ್ವರದ ಬೆಳವಣಿಗೆಗೆ ಪುರಾಣವನ್ನು ಕಾರಣವಾಗಿ ಕೊಟ್ಟರೆ ಸಾಲದು. ಅದನ್ನು ಕಟ್ಟಿದ್ದು ಮನುಷ್ಯರು. ಕಟ್ಟಿದ್ದನ್ನು ಕಟ್ಟಿದ್ದಾಗಿಯೇ ವಿಮರ್ಶಿಸಬೇಕು.

ನಮ್ಮ ಗಿರಿಧಾಮಗಳ ಹಿಂದೆ ಸಾಮಾನ್ಯವಾಗಿ ಒಬ್ಬ ಅರಸನೋ ಅಧಿಕಾರಿಯೋ ಇರುತ್ತಾನೆ. ಊಟಿಗೆ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್, ಕೆಮ್ಮಣ್ಣುಗುಂಡಿಗೆ ನಾಲ್ವಡಿ ಕೃಷ್ಣರಾಜ ಒಡೆಯರು. ಮೂರು ಕಡೆ ಕಡಲು ಸುತ್ತಿದ ಮುರ್ಡೇಶ್ವರದ ಗುಡ್ಡ ಕಂದುಕಗಿರಿಗೆ ಸಿಕ್ಕಿದ್ದು ಒಬ್ಬ ಗುತ್ತಿಗೆದಾರ. 1928ರಲ್ಲಿ ಇದೇ ಊರಿನಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಆರ್.ಎನ್. ಶೆಟ್ಟಿ ಅಣೆಕಟ್ಟು, ಸುರಂಗಗಳ ಕೆಲಸದಲ್ಲಿ ಬೆಳೆದವರು. ಕಾಂಕ್ರೀಟು ಏನೆಲ್ಲ ಹೊರಬಲ್ಲದು ಎಂದು ತಿಳಿದವರ ಧೈರ್ಯ ಈ ಗುಡ್ಡದ ಮೇಲೆ ಎದ್ದು ಕಾಣುತ್ತದೆ. ಗುಡಿಯ ಜೀರ್ಣೋದ್ಧಾರ, 123 ಅಡಿಯ ಕುಳಿತ ಶಿವ, 2008ರಲ್ಲಿ ತೆರೆದ 237 ಅಡಿಯ ರಾಜಗೋಪುರ, ಸಾಲದ್ದಕ್ಕೆ ವಸತಿಗೃಹಗಳು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ದೂರದ ಜನರಿಗೂ ದಾರಿ ಸಲೀಸಾಯಿತು.

ಗೋಪುರ ಗರ್ಭಗುಡಿಯನ್ನು ಕುಬ್ಜವಾಗಿಸಿತು ಎನ್ನುವ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ತಮಿಳುನಾಡಿನ ದೊಡ್ಡ ದೇವಸ್ಥಾನಗಳಲ್ಲೂ ಹೊರಗೋಪುರ ಒಳಗುಡಿಯನ್ನು ಮೀರಿಯೇ ನಿಂತಿದೆ. ನನ್ನ ತಕರಾರು ಬೇರೆ. ಇಲ್ಲಿಂದ ಅರ್ಧ ತಾಸಿನ ದಾರಿಯಲ್ಲಿ ಭಟ್ಕಳವಿದೆ. ಅಲ್ಲಿ ಹದಿನಾರನೇ ಶತಮಾನದ ಕೇತಪೈ ನಾರಾಯಣ ದೇವಸ್ಥಾನವಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಗೆ ಅಂಜಿ, ಅಲ್ಲಿನ ಶಿಲ್ಪಿಗಳು ಕಲ್ಲಿನ ಹಾಸುಗಳನ್ನೇ ಮನೆಯ ಮಾಡಿನಂತೆ ಇಳಿಜಾರಾಗಿ ಹೊದಿಸಿದರು. ಮರದ ಪಟ್ಟಿಗಳ ಹಾಗೆ ಕಲ್ಲಿನ ಜಾಲಂಧ್ರ ಕೊರೆದು ಎರಚಲನ್ನು ತಡೆದು ಗಾಳಿಯನ್ನು ಒಳಬಿಟ್ಟರು. ಈ ಕರಾವಳಿ ತಾನೇ ಕಂಡುಕೊಂಡ ವಾಸ್ತು ಅದು. ಮುರ್ಡೇಶ್ವರ ಅದರತ್ತ ತಿರುಗಿಯೂ ನೋಡದೆ ಕಾವೇರಿ ಬಯಲಿನ ಆಕಾರವನ್ನು ತಂದು ನಿಲ್ಲಿಸಿತು. ಸಾವಿರಾರು ಸಣ್ಣ ಬೊಂಬೆ, ಮೂಲೆ, ಸಂದುಗಳಿರುವ ಗೋಪುರಕ್ಕೆ ಉಪ್ಪುಗಾಳಿಯೂ ಪಾಚಿಯೂ ಆಷಾಢದ ಮಳೆಯೂ ಎಂದಿಗೂ ತೀರದ ಬಣ್ಣದ ಖರ್ಚು.

ಆದರೂ ಗೋಪುರದ ಒಂದು ಗುಣವನ್ನು ಮೆಚ್ಚಲೇಬೇಕು. ಅದರೊಳಗೆ ಲಿಫ್ಟ್ ಇದೆ, ಹದಿನೆಂಟನೇ ಮಹಡಿಯವರೆಗೆ ಹೋಗಬಹುದು. ಚೀಟಿ ಕೊಂಡ ಎಲ್ಲರಿಗೂ ಶಿಖರದ ಹತ್ತಿರದ ಕಿಟಕಿ ಸಿಗುವ ದೇವಸ್ಥಾನಗಳು ನಮ್ಮಲ್ಲಿ ಎಷ್ಟಿವೆ? ಮೇಲಿಂದ ನೋಡಿದರೆ ಗುಡ್ಡದ ನಿಜವಾದ ಆಕಾರ ಹೊಳೆಯುತ್ತದೆ: ಕಡಲಿಗೆ ಚಾಚಿದ ನೆಲದ ತುಂಡು, ಅದರ ಎರಡೂ ಮಗ್ಗುಲಿಗೆ ಮರಳ ದಂಡೆ, ದೋಣಿಗಳು, ತೆಂಗು, ನಡುವೆ ಒತ್ತೊತ್ತಿ ಎದ್ದ ಲಾಡ್ಜುಗಳು. ಅಷ್ಟು ಎತ್ತರ ಕಟ್ಟಿದ್ದರ ಸಾರ್ಥಕತೆ ನನಗೆ ಕಂಡದ್ದು ಈ ನೋಟದಲ್ಲಿ.

ಶಿವನ ಮೂರ್ತಿಗೆ ಆ ಮಾತು ಹೇಳಲಾರೆ. ಅದನ್ನು ರೂಪಿಸಿದ ಶಿಲ್ಪಿ, ಶಿವಮೊಗ್ಗದ ಕಾಶಿನಾಥ್ ಅವರ ಕೌಶಲ ಸಣ್ಣದಲ್ಲ. ಇಷ್ಟು ದೊಡ್ಡ ಮುಖದಲ್ಲಿ ಶಾಂತಭಾವ ಕೆಡದಂತೆ ಉಳಿಸುವುದು ಕಷ್ಟದ ಕೆಲಸ. ತೊಂದರೆಯಿರುವುದು ಎತ್ತರವನ್ನೇ ಹಿರಿಮೆಯೆಂದು ಹೊಗಳಿದ್ದರಲ್ಲಿ. ನೇಪಾಳದ ಸಾಂಗಾದ ಶಿವ ಇದನ್ನು ಮೀರಿಸಿದ. 2022ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ 369 ಅಡಿಯವನೇ ಬಂದು ಕುಳಿತ. ಅಡಿಗಳ ಲೆಕ್ಕದಲ್ಲಿ ಗೆದ್ದದ್ದು ಅಡಿಗಳ ಲೆಕ್ಕದಲ್ಲೇ ಸೋಲುತ್ತದೆ.

ಮೂರ್ತಿಯ ಕೆಳಗಿನ ಗುಹೆಯಲ್ಲಿ ಭೂಕೈಲಾಸದ, ಅಂದರೆ ಅದೇ ಆತ್ಮಲಿಂಗದ, ಕಥೆಯನ್ನು ಬೊಂಬೆಗಳಲ್ಲಿ ಹೇಳಿದ್ದಾರೆ. ಮಕ್ಕಳಿಗೆ ಖುಷಿ, ಒಪ್ಪುತ್ತೇನೆ. ಆದರೆ ಆ ರಾವಣ ಕ್ಯಾಲೆಂಡರಿನಿಂದ ಇಳಿದವನು. ಹಾಸ್ಯಗಾರ ಮನೆತನದ ಯಕ್ಷಗಾನ ಮೇಳ ಆಡಿದ ಕರ್ಕಿ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಮಂಡಳಿ ಕಟ್ಟಿದ ಗುಣವಂತೆ, ಎರಡೂ ಇದೇ ರಸ್ತೆಯಲ್ಲಿವೆ. ಚಂಡೆಯ ಪೆಟ್ಟಿಗೆ ತೆರೆ ಸರಿಸಿ ಒಡ್ಡೋಲಗ ಕೊಡುವ ಬಡಗುತಿಟ್ಟಿನ ರಾಕ್ಷಸವೇಷ ಈ ಸೀಮೆಯವರ ಕಣ್ಣಿಗೆ ಕಟ್ಟಿದೆ. ಆ ಕಿರೀಟ, ಆ ಮುಖವರ್ಣಿಕೆ ಗುಹೆಯೊಳಗೆ ಬರಬಹುದಿತ್ತು. ಊರಿನ ಕಥೆಯನ್ನು ಊರಿನ ಕಲೆಯಲ್ಲಿ ಹೇಳುವ ಅವಕಾಶ ಸುಮ್ಮನೆ ಹೋಯಿತು.

ಇನ್ನು ಕೆಳಗಿನ ಊರು. ಇಪ್ಪತ್ತು ಮಹಡಿಯ ಗೋಪುರ ಎದ್ದಾಗಲೂ, ಅದರ ನೆರಳಿನ ಬೀದಿಗಳ ಚರಂಡಿ, ಕಸ, ನೀರು ನೋಡಿಕೊಳ್ಳಬೇಕಾಗಿದ್ದದ್ದು ಮಾವಳ್ಳಿ ಹೆಸರಿನ ಗ್ರಾಮ ಪಂಚಾಯತಿಗಳು. ಗುಡ್ಡಕ್ಕೆ ಒಂದು ಯೋಜನೆಯಿತ್ತು, ಒಬ್ಬ ಯಜಮಾನನಿದ್ದ. ಊರಿಗೆ ಎರಡೂ ಇರಲಿಲ್ಲ. ಮೊಗೇರರು, ಖಾರ್ವಿಗಳು ದೋಣಿ ಎಳೆದು ಬಲೆ ಹರವುವ ಮರಳಿನಲ್ಲೇ ಜಲಕ್ರೀಡೆ, ಅಂಗಡಿ, ವಾಹನ ಎಲ್ಲ ಬಂದು ಕೂತವು. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲೂಕಿನ ವಸತಿಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಇಲ್ಲಿ ಸಮುದ್ರಪಾಲಾದರು. ಆಮೇಲೆ ಕಡಲತೀರಕ್ಕೆ ಪ್ರವೇಶ ನಿಷೇಧಿಸಿದರು. ಬಾಗಿಲು ಮುಚ್ಚುವುದು ಆಡಳಿತಕ್ಕೆ ಸುಲಭ. ಎಲ್ಲಿ ಇಳಿಯಬಹುದು, ಎಲ್ಲಿ ಸೆಳೆತವಿದೆ ಎಂದು ಗುರುತು ಹಾಕಿ, ಕಡಲು ಬಲ್ಲ ಊರ ಹುಡುಗರಿಗೆ ವರ್ಷವಿಡೀ ಸಂಬಳ ಕೊಟ್ಟು ಜೀವರಕ್ಷಕರನ್ನಾಗಿ ನಿಲ್ಲಿಸುವುದಕ್ಕೆ ಗೋಪುರಕ್ಕಾದ ಖರ್ಚಿನ ಸಣ್ಣ ಪಾಲು ಸಾಕು. ಆ ಹಣವನ್ನು ಸರ್ಕಾರವೇ ಕೊಡಬೇಕೆಂದೂ ಇಲ್ಲ. ಸೋಮವಾರ, ಶಿವರಾತ್ರಿ, ರಜೆಗಳಲ್ಲಿ ಕೋಣೆ ತುಂಬಿಸಿಕೊಳ್ಳುವ ಲಾಡ್ಜಿನವರೂ ಕೊಡಬಹುದು.